ನನಗೇ ಗೊತ್ತಿಲ್ಲದ ಪಥ್ಯ

ಹಿಮ್ಮಡಿಯ ಮೇಲಿನ ಕಪ್ಪು ಕಲೆಯನ್ನು ನಾನು ಡಾಂಬರು ಅಂದುಕೊಂಡಿದ್ದೆ. ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದು, ಮಡಗಾಂವದ ಮೋತಿ ಡೊಂಗರ್ ಗುಡ್ಡದ ಮೇಲೆ ಒಂದು ಖೋಲಿ ಹಿಡಿದು, ಅರ್ಧ ಆಯುಷ್ಯ ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತವಳು ನಾನು. ನಮ್ಮ ಮನೆಯವರು ಗೌಂಡಿ. ಅವರು ಇಟ್ಟಿಗೆ ಇಡಬೇಕು, ನಾನು ಕಲಸಿದ ಸಿಮೆಂಟನ್ನು ಮೇಲಕ್ಕೆ ಒಯ್ದು ಸುರಿಯಬೇಕು. ಚಪ್ಪಲಿ ಹಾಕಿಕೊಂಡು ಏಣಿ ಹತ್ತಿದರೆ ಜಾರುತ್ತದೆ, ಅದಕ್ಕೇ ಬರಿಗಾಲು. ಅಂಥ ಕಾಲಿನ ಮೇಲೆ ಒಂದು ಕಪ್ಪು ಕಲೆ ಇದ್ದರೆ ಯಾರು ನೋಡುತ್ತಾರೆ? ಅದು ಒಡೆದು ಕೀವು ಸೋರತೊಡಗಿದಾಗ ಆಣಿ ಅಂದೆವು, ಬ್ಲೇಡಿನಿಂದ ಕೊರೆದೆವು. ಆಣಿಯಲ್ಲ, ಚರ್ಮದ ಕ್ಯಾನ್ಸರು ಎಂದು ದೊಡ್ಡ ಆಸ್ಪತ್ರೆಯಲ್ಲಿ ಹೇಳುವ ಹೊತ್ತಿಗೆ ಅದು ತೊಡೆಸಂದಿಯ ಗಂಟಿಗೆ ಏರಿತ್ತು.

ಹಿಮ್ಮಡಿಯ ಮಾಂಸ ತೆಗೆದರು, ಸಂದಿಯ ಗಂಟುಗಳನ್ನು ತೆಗೆದರು. ಕೆಲವು ತಿಂಗಳಿಗೆ ಪುಪ್ಪುಸದಲ್ಲಿ ಚುಕ್ಕೆಗಳು ಕಂಡವು. ಇನ್ನು ಕೊಯ್ಯುವ ಹಾಗಿಲ್ಲ, ಒಂದು ಹೊಸ ಔಷಧಿ ಇದೆ, ಸಲೈನಿನ ಹಾಗೆ ನರದೊಳಗೆ ಬಿಡುತ್ತೇವೆ ಎಂದರು ಡಾಕ್ಟರು. ಅದು ಕ್ಯಾನ್ಸರನ್ನು ತಾನೇ ಕೊಲ್ಲುವುದಿಲ್ಲವಂತೆ, ನಮ್ಮ ಮೈಯೊಳಗಿನ ಕಾವಲುಗಾರರನ್ನು ಎಬ್ಬಿಸಿ ಅದರ ಮೇಲೆ ಬಿಡುತ್ತದಂತೆ. ಎದ್ದ ಕಾವಲುಗಾರರು ಒಮ್ಮೊಮ್ಮೆ ಲಿವರನ್ನೋ ಕರುಳನ್ನೋ ಕಚ್ಚುವುದೂ ಉಂಟಂತೆ. ಡಾಕ್ಟರು ಗೋವಾದ ಹೆಣ್ಣುಮಗಳು, ನನಗಿಂತ ಎಷ್ಟೋ ಚಿಕ್ಕವಳು. ನನ್ನ ಕೈ ಹಿಡಿದು ಹಿಂದಿಯಲ್ಲಿ ಬಿಡಿಸಿ ಹೇಳಿದಳು: ಮನೆಯ ಊಟ ಮಾಡು, ಬೇಳೆ, ಮೊಟ್ಟೆ, ಮೀನು, ರೊಟ್ಟಿ, ನಿನಗೆ ಸೇರುವುದೆಲ್ಲ ತಿನ್ನು, ಆದರೆ ಬೇರೆ ಯಾವ ಪುಡಿ, ಕಷಾಯ, ಶಕ್ತಿಯ ಗುಳಿಗೆಯಾದರೂ ನನಗೆ ಹೇಳದೆ ಬಾಯಿಗೆ ಹಾಕಬೇಡ. ನಾನು ಹೂಂ ಅಂದೆ. ಪಕ್ಕದಲ್ಲಿ ನಿಂತಿದ್ದ ನಮ್ಮ ಮನೆಯವರೂ ತಲೆಯಾಡಿಸಿದರು.

ಹೇಳಿದಂತೆ ನಡೆಯುವುದು ನನಗೆ ಕಷ್ಟವಾಗಲಿಲ್ಲ, ಉಳಿದವರಿಗೆ ಕಷ್ಟವಾಯಿತು. ಕ್ಯಾನ್ಸರು ಬಂದರೆ ಓಣಿಯವರೆಲ್ಲ ಡಾಕ್ಟರಾಗುತ್ತಾರೆ. ಒಬ್ಬಳು ಪಪಾಯಿ ಎಲೆಯ ರಸ ತಂದಳು. ಇನ್ನೊಬ್ಬಳು ಸಕ್ಕರೆ ಬಿಟ್ಟರೆ ಕ್ಯಾನ್ಸರು ಉಪವಾಸ ಬಿದ್ದು ಸಾಯುತ್ತದೆ ಎಂದು ಮೊಬೈಲಿನಲ್ಲಿ ವಿಡಿಯೊ ತೋರಿಸಿದಳು. ಕೊರ್ತಾಲಿಮ್‌ನಿಂದ ಒಬ್ಬ ಪರಿಚಯದವ ಬಣ್ಣದ ಡಬ್ಬಿ ಹಿಡಿದುಕೊಂಡು ಬಂದ. ಇದರೊಳಗೆ ಅರಿಶಿಣದ ಸತ್ವ ಇದೆ, ಅಶ್ವಗಂಧ ಇದೆ, ರೋಗ ತಡೆಯುವ ಶಕ್ತಿ ಏರುತ್ತದೆ ಎಂದ.

"ನಿನಗ ಶಕ್ತಿ ಏರೇತೇನಪಾ?" ಎಂದು ಕೇಳಿದೆ. "ಗುಡ್ಡಾ ಹತ್ತೋದ್ರಾಗ ನಾಯಿ ಹಂಗ ತೇಕಾಕತ್ತೀದಿ. ಮೊದಲ ನೀ ಕುಡಿ, ನೋಡೂಣು."

ಅವನು ಚಹಾ ಕೂಡ ಕುಡಿಯದೆ ಇಳಿದು ಹೋದ. "ಮಂದಿ ಚಲೋಕ್ಕ ಹೇಳ್ತಾರ, ನೀ ಎಲ್ಲಾರ್ನೂ ಹರಕೊಂಡು ತಿಂತಿ," ಎಂದರು ನಮ್ಮ ಮನೆಯವರು. "ಕ್ಯಾನ್ಸರು ನನಗ ತಿನ್ನಾಕತ್ತೇತಿ, ನಾ ಮಂದೀನ ತಿಂತೇನಿ ತಗೋರಿ," ಅಂದೆ. ಗಂಡನಿಗೆ ರೀ ಹಚ್ಚುವುದನ್ನು ಬೈಯುವಾಗಲೂ ಬಿಟ್ಟವಳಲ್ಲ ನಾನು.

ಆ ದಿನಗಳಲ್ಲಿ ಅಡುಗೆ ಅವರದೇ. ನನಗೆ ಒಲೆಯ ಮುಂದೆ ನಿಲ್ಲಲು ಕಾಲಲ್ಲಿ ಬಲವಿಲ್ಲ. ಒಂದು ಲೋಟ ನೀರನ್ನೂ ತಾವಾಗಿ ತುಂಬಿಕೊಂಡು ಗೊತ್ತಿಲ್ಲದ ಮನುಷ್ಯ ಜೋಳದ ಹಿಟ್ಟು ಕಲಸಲು ಕುಳಿತರು. ನಾನು ಹಾಸಿಗೆಯಲ್ಲಿ ಕುಳಿತು ಹೇಳಿಕೊಡುವುದು: ನೀರು ಕುದಿಯಲಿ, ಕೈ ಸುಟ್ಟರೂ ಬಿಸಿಯಿದ್ದಾಗಲೇ ನಾದಿರಿ, ಅಂಚು ಒಡೆಯುತ್ತಿದೆ, ಕಣ್ಣು ಎಲ್ಲಿದೆ ನಿಮ್ಮದು. ಮೊದಲ ರೊಟ್ಟಿಗಳು ಹೆಂಚಿನಷ್ಟು ದಪ್ಪ. ಆದರೆ ಗೋಡೆಗೆ ಗಿಲಾವು ಮಾಡಿ ಪಳಗಿದ ಕೈ, ಬೇಗ ಹದ ಹಿಡಿಯಿತು. ನಾಲ್ಕೈದು ವಾರದಲ್ಲಿ ತೆಳ್ಳಗೆ, ದುಂಡಗೆ ಬಡಿಯತೊಡಗಿದರು. ಕೆಲಸಕ್ಕೆ ಹೋಗುವ ಮೊದಲು ನನಗೆ ತಿನ್ನಿಸಿ, ಸಂಜೆ ಬಂದು ಮೈಮೇಲಿನ ಸಿಮೆಂಟು ತೊಳೆದು ಮತ್ತೆ ಒಲೆ ಹಚ್ಚುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರ ಮೇಲೆ ನನಗೆ ಪ್ರೀತಿ ಉಕ್ಕಿದ್ದು ಆಗ. ಹೇಳಲು ನಾಚಿಕೆಯೇನು, ಸಾಯುವವಳಿಗೆ.

ಔಷಧಿ ಹಿಡಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಸ್ಕ್ಯಾನಿನಲ್ಲಿ ಚುಕ್ಕೆಗಳು ಕುಗ್ಗಿದ್ದವು. ಡಾಕ್ಟರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಳು. ಎಲ್ಲರಿಗೂ ಹೀಗಾಗುವುದಿಲ್ಲ, ನಿಲ್ಲಿಸದೆ ಮುಂದುವರಿಸಬೇಕು ಎಂದಳು. ಮನೆಯವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಚಿಕ್ಕ ಮಕ್ಕಳ ಹಾಗೆ ಅತ್ತರು. ತಿರುಗಿ ಬರುವಾಗ ಬಸ್ಸು ಝುವಾರಿ ಸೇತುವೆ ಹತ್ತಿದಾಗ ನಾನು ಕಿಟಕಿಯಿಂದ ಹೊಳೆ ನೋಡುತ್ತ, ಇನ್ನೊಂದು ಐದು ವರ್ಷ ಕೊಡು ಸಾಕು ಎಂದು ಕೇಳಿಕೊಂಡೆ. ಜಾಸ್ತಿ ಕೇಳಲು ಧೈರ್ಯವಾಗಲಿಲ್ಲ.

ಆ ಸುದ್ದಿ ಕೇಳಿಯೇ ನಮ್ಮ ಮನೆಯವರ ಅಕ್ಕ ಊರಿನಿಂದ ನೋಡಲು ಬಂದರು. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಹೆಂಗಸು, ಅವರ ಮಾತೆಂದರೆ ಇವರಿಗೆ ವೇದ. ನನ್ನ ಕಾಲು ಮುಟ್ಟಿ ನೋಡಿ ಗೊಳೋ ಎಂದು ಅತ್ತರು. ನಾಲ್ಕು ದಿನ ಇದ್ದು, ಶೇಂಗಾ ಹಿಂಡಿ ಕುಟ್ಟಿಟ್ಟು, ತಲೆಗೆ ಎಣ್ಣೆ ಹಚ್ಚಿ ಹೋದರು. ಅವರು ಹೋದ ಮೇಲೆ ಮನೆಯಲ್ಲಿ ಏನೂ ಬದಲಾಗಲಿಲ್ಲ, ಬದನೆಕಾಯಿ ಒಂದನ್ನು ಬಿಟ್ಟು.

ನನಗೆ ಎಣ್ಣೆಗಾಯಿ ಅಂದರೆ ಪ್ರಾಣ. ವಾರಕ್ಕೆ ಎರಡು ಸಲ ಬೇಕೇ ಬೇಕು. ಕೇಳಿದರೆ, "ಮಾರ್ಕೆಟ್ನಾಗ ಚಲೋವು ಬರವಲ್ವು, ಎಲ್ಲಾ ಹುಳಕ," ಅನ್ನುತ್ತಿದ್ದರು. ಮೀನು ಕೇಳಿದರೆ ವಾಸನೆ ಬಡಿಯುತ್ತದೆ ಅನ್ನುತ್ತಿದ್ದರು. ಹುಣಸೆಹುಳಿ ಬಿಟ್ಟು ಸಾರು ಮಾಡುತ್ತಿದ್ದರು. ದುಡಿದು ದಣಿದು ಬಂದ ಮನುಷ್ಯ, ಮಾಡಿದ್ದನ್ನು ತಿಂದೆ.

ಚಳಿಗಾಲ ಹತ್ತಿರವಾದಂತೆ ನನಗೆ ಊಟ ಸೇರದಾಯಿತು. ಮೈಯೆಲ್ಲ ತುರಿಕೆ. ಒಂದು ದಿನ ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣು ಅರಿಶಿಣ. ರಕ್ತ ಪರೀಕ್ಷೆ ಮಾಡಿದ ಡಾಕ್ಟರ ಮುಖ ಇಳಿಯಿತು. ಲಿವರು ಕೆಟ್ಟಿದೆ, ಈ ಔಷಧಿ ಹೀಗೆ ಮಾಡುವುದುಂಟು, ನಿಲ್ಲಿಸಲೇಬೇಕು ಎಂದಳು. ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀಯಾ ಎಂದು ಒಮ್ಮೆ ಅಲ್ಲ, ತಿರುಗಿಸಿ ತಿರುಗಿಸಿ ಕೇಳಿದಳು. ನಾನು ಎದೆ ತಟ್ಟಿ ಇಲ್ಲ ಎಂದೆ. ದೇವರಾಣೆ, ಒಂದು ತುಳಸಿ ಎಲೆಯನ್ನೂ ತಿಂದಿಲ್ಲ ಎಂದೆ. ನಮ್ಮ ಮನೆಯವರು ನೆಲ ನೋಡುತ್ತ ನಿಂತಿದ್ದರು. ಅಳು ತಡೆಯುತ್ತಿದ್ದಾರೆ ಅಂದುಕೊಂಡೆ.

ಕಾವಲುಗಾರರನ್ನು ಸುಮ್ಮನಾಗಿಸಲು ಬೇರೆ ಗುಳಿಗೆ ಕೊಟ್ಟರು. ಮುಖ ಊದಿಕೊಂಡಿತು, ಕೈ ನಡುಗಿತು, ಲಿವರು ಮಾತ್ರ ಜಗ್ಗಲಿಲ್ಲ. ಪ್ರತಿ ಸಲ ರಕ್ತ ಕೊಟ್ಟು ಬಂದಾಗಲೂ ಅದೇ ಮಾತು, ಲಿವರಿನ ಲೆಕ್ಕ ಇನ್ನೂ ಇಳಿದಿಲ್ಲ, ಔಷಧಿ ಶುರು ಮಾಡುವಂತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. ಮನೆಯವರು ಹೊರಗೆ ಹೋಗಿ ಅಕ್ಕನ ಜೊತೆ ಫೋನಿನಲ್ಲಿ ಪಿಸುಪಿಸು ಮಾತಾಡಿ ಬರುತ್ತಿದ್ದರು.

ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ, ಮನೆಯೊಳಗೆ ಕುಳಿತು ತಲೆ ಕೆಟ್ಟು, ಕೋಲು ಊರಿಕೊಂಡು ಗುಡ್ಡದ ಕೆಳಗಿನ ತನಕ ಹೋದೆ. ಅಲ್ಲಿ ಕಾಯಿಪಲ್ಲೆ ಮಾರುವವಳು ಬಾಗಲಕೋಟೆ ಕಡೆಯವಳು. ಅವಳ ಮುಂದೆ ಬದನೆಕಾಯಿಯ ರಾಶಿ. ಎಳೆಯವು, ಮಿರಿಮಿರಿ ಮಿಂಚುತ್ತಿದ್ದವು, ಒಂದಕ್ಕೂ ಹುಳವಿಲ್ಲ.

"ಅರ್ಧ ಕಿಲೊ ಹಾಕವಾ," ಎಂದೆ.

"ಅಯ್ಯ ನನ್ನ ಶಿವನ! ನಿಮಗ ನಡಿಯಂಗಿಲ್ಲಲ್ಲಕ್ಕಾ," ಎಂದಳು ಅವಳು. "ನಿಮ್ಮ ಮನಿಯವ್ರಿಗೆ ದಿನಾ ಕೇಳ್ತೇನಿ, ಬದನಿಕಾಯಿ ಒಯ್ರಿ ಅಣ್ಣಾರ ಅಂತ. ಮನ್ಯಾಗ ಪಥ್ಯ ಐತಿ, ನಂಜಿನ ಪದಾರ್ಥ ಮುಟ್ಟಂಗಿಲ್ಲ ಅಂತಾರ. ಊರ ಔಷಧ ಹಿಡಿದೀರಲ್ಲ?"

ನಮ್ಮ ಕಡೆಯವರಿಗೆ ಇಷ್ಟು ಸಾಕು. ಬದನೆಕಾಯಿ, ಮೀನು, ಹುಳಿ ಮೂರೂ ಒಟ್ಟಿಗೆ ಬಿಡಿಸುವುದು ಒಂದೇ ಒಂದು ಕಾರಣಕ್ಕೆ. ಇಂಗ್ಲಿಷ್ ಡಾಕ್ಟರು ಯಾರೂ ಬದನೆಕಾಯಿಯ ತಂಟೆಗೆ ಬರುವುದಿಲ್ಲ. ಊರ ಔಷಧಿ ಕೊಡುವವರು ಬಿಡಿಸುತ್ತಾರೆ. ಬದನೆಕಾಯಿ ಅಲ್ಲೇ ಬಿಟ್ಟು, ಕೋಲು ಊರಿಕೊಂಡು ಗುಡ್ಡ ಹತ್ತಿದೆ.

ಸಂಜೆ ಅವರು ಬಂದು ಹಿಟ್ಟು ನಾದತೊಡಗಿದಾಗ ಕೇಳಿದೆ. "ಏನ್ ಹಾಕಾಕತ್ತೀರಿ ನನ್ನ ಊಟದಾಗ?"

ಅವರು ತಿರುಗಿ ನೋಡಲಿಲ್ಲ. "ಏನಿಲ್ಲ."

"ಸುಳ್ಳ ಹೇಳಬ್ಯಾಡ್ರಿ. ನನಗ ಪಥ್ಯ ಹಚ್ಚೀರಿ. ಪಥ್ಯ ಮಾಡೋಳು ನಾನು, ನನಗ ಗೊತ್ತಿಲ್ಲ. ಕಾಯಿಪಲ್ಲೆ ಮಾರೋಕಿಗೆ ಗೊತ್ತೈತಿ!"

ಅವರು ಎದ್ದು ಮಾಡಿನ ಸಂದಿಗೆ ಕೈ ಹಾಕಿ ಒಂದು ಗಂಟು ತೆಗೆದರು. ಹಳೆಯ ಅರಿವೆಯಲ್ಲಿ ಕಟ್ಟಿದ ಕರ್ರನೆಯ ಪುಡಿ. ಅಕ್ಕ ತಂದು ಕೊಟ್ಟದ್ದು. ಯಾವುದೋ ಊರಲ್ಲಿ ಗಂಟು ಕರಗಿಸುವ ಔಷಧಿ ಕೊಡುವವನೊಬ್ಬ ಇದ್ದಾನಂತೆ. ಅವನ ಕಟ್ಟಳೆ ಏನೆಂದರೆ, ಔಷಧಿಯ ವಿಷಯ ಬಾಯಿಬಿಟ್ಟು ಯಾರಿಗೂ ಹೇಳಬಾರದು. ತಿನ್ನುವವರಿಗೂ ತಿಳಿಯಬಾರದು, ತಿಳಿದರೆ ಗುಣ ಹೋಗುತ್ತದೆ. ದಿನಾ ಜೋಳದ ಹಿಟ್ಟಿನಲ್ಲಿ ಒಂದು ಚಿಟಿಕೆ. ಸ್ಕ್ಯಾನು ಚೆನ್ನಾಗಿ ಬಂದಿತ್ತಲ್ಲ, ಇದೊಂದು ಸೇರಿದರೆ ಪೂರ್ತಿ ಕರಗಿ ಹೋದೀತು ಎಂಬ ಆಸೆ ಇಬ್ಬರಿಗೂ. ನನ್ನ ಕಣ್ಣು ಹಳದಿಯಾದಾಗ ಇವರು ಹೆದರಿ ಫೋನು ಮಾಡಿದರೆ, "ನಂಜು ಹೊರಗ ಬೀಳಾಕತ್ತೇತಿ, ಈಗ ಬಿಟ್ರ ಕೆಡ್ತದ," ಎಂದರಂತೆ ಅಕ್ಕ. ಇವರು ಒಂದು ಚಿಟಿಕೆಯನ್ನು ಎರಡು ಮಾಡಿದರು.

ನಾನು ಹೇಗೆ ಬೈದೆನೆಂದು ಇಲ್ಲಿ ಬರೆಯಲಾರೆ. ನಿಮ್ಮ ಕೈಗೆ ಕರಿನಾಗರ ಕಡಿಯಲಿ ಅಂದದ್ದು ನೆನಪಿದೆ. ನಿಮ್ಮಕ್ಕನ ಮನೆ ಹಾಳಾಗಲಿ ಅಂದೆ. ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಅವರು ಹಿಟ್ಟಿನ ಕೈಯಲ್ಲಿಯೇ ಗೋಡೆಗೆ ಒರಗಿ ಕುಳಿತು ಬಿಕ್ಕಿಬಿಕ್ಕಿ ಅಳುತ್ತಿದ್ದರು. ತಪ್ಪಾಯಿತೆಂದು ಅಳುತ್ತಿದ್ದಾರೆ ಅಂದುಕೊಂಡೆ. ಅಲ್ಲ.

"ನೀ ಬಾಯಿ ಬಿಟ್ಟು ಅಂದುಬಿಟ್ಟಿ," ಎಂದರು. "ಇನ್ನ ಅದು ಕೆಲಸಾ ಮಾಡಂಗಿಲ್ಲ. ನೀ ಗುಣಾ ಆಗ್ತಿದ್ದಿ."

ನನ್ನ ಸಿಟ್ಟು ಅಲ್ಲಿಗೆ ನಿಂತುಹೋಯಿತು. ಅಂಥ ಮನುಷ್ಯನಿಗೆ ಏನೆಂದು ಬೈಯುವುದು? ನನ್ನನ್ನು ಉಳಿಸಿಕೊಳ್ಳಲು ತಿಂಗಳುಗಟ್ಟಲೆ ತುಟಿ ಹೊಲಿದುಕೊಂಡು ಕುಳಿತಿದ್ದವರು, ಡಾಕ್ಟರ ಮುಂದೆಯೂ.

ಮರುದಿನ ಆ ಗಂಟನ್ನು ನಾನೇ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವಳು ಬಿಚ್ಚಿ ಮೂಸಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪುಡಿ ನಿಲ್ಲಿಸಿದ ಮೇಲೆ ಲಿವರು ಮೆಲ್ಲಗೆ ಸುಧಾರಿಸಿತು, ಕಣ್ಣು ಬೆಳ್ಳಗಾಯಿತು. ಆಮೇಲೆ ಸ್ಕ್ಯಾನು ಮಾಡಿದರು. ಪುಪ್ಪುಸದ ಚುಕ್ಕೆಗಳು ಮತ್ತೆ ಬೆಳೆದಿದ್ದವು, ಬೆನ್ನೆಲುಬಿನಲ್ಲಿ ಹೊಸದೊಂದು ಕಂಡಿತು.

ನಮ್ಮ ಮನೆಯವರು ಕೈ ಮುಗಿದು ನಿಂತು ಒಂದೇ ಮಾತು ಕೇಳಿದರು, ಇದು ನನ್ನಿಂದ ಆಯಿತೇ ಎಂದು. ಡಾಕ್ಟರು ಅವರನ್ನು ಕುರ್ಚಿಯಲ್ಲಿ ಕೂರಿಸಿದಳು. ಪುಡಿಯಿಂದಲೂ ಲಿವರು ಕೆಟ್ಟಿರಬಹುದು, ನಮ್ಮ ಔಷಧಿಯಿಂದಲೂ ಕೆಟ್ಟಿರಬಹುದು, ಎರಡೂ ಕೂಡಿರಬಹುದು. ಈಗ ಯಾರೂ ಹೇಳಲಾರರು ಎಂದಳು. ಮೊದಲೇ ಗೊತ್ತಿದ್ದರೆ ಪುಡಿ ನಿಲ್ಲಿಸಿ ನೋಡುತ್ತಿದ್ದೆವು, ಇಷ್ಟು ತಿಂಗಳು ಹೋಗುತ್ತಿರಲಿಲ್ಲ ಎಂದೂ ಹೇಳಿದಳು. ಸುಳ್ಳು ಹೇಳುವ ಹೆಣ್ಣಲ್ಲ ಅವಳು. ಅದೇ ಔಷಧಿಯನ್ನು ಮತ್ತೆ ಶುರು ಮಾಡಿದ್ದಾರೆ, ಹೆದರಿ ಹೆದರಿ. ಈ ಸಲ ಹಿಡಿಯುತ್ತದೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಮಾತು ಕೇಳಿ ಮನೆಗೆ ಬಂದ ದಿನದಿಂದ ನಮ್ಮ ಮನೆಯವರು ನನಗೆ ಅಡುಗೆ ಮಾಡುವುದನ್ನು ಬಿಟ್ಟರು. ದಿನಾ ಖಾನಾವಳಿಯಿಂದ ಡಬ್ಬಿ ತರುತ್ತಾರೆ. ಅದನ್ನು ನನ್ನ ಮುಂದಿಟ್ಟು, ಮುಚ್ಚಳ ನೀನೇ ತೆಗೆ ಅನ್ನುತ್ತಾರೆ. ನೀರನ್ನೂ ನಾನೇ ತುಂಬಿಕೊಳ್ಳಬೇಕು. ನಾನು ಬೈದೆ, ಅತ್ತೆ, ಆಣೆ ಹಾಕಿದೆ. ಮೊನ್ನೆ ಬೆನ್ನು ನೋವಿಗೆ ಏಳಲಾಗದೆ ಮಲಗಿದ್ದವಳು, ಅವರು ಕೆಲಸದಿಂದ ಬಂದು ಕುಳಿತಾಗ ಕೈ ಹಿಡಿದು ಕೇಳಿಕೊಂಡೆ.

"ಒಂದ ರೊಟ್ಟಿ ಬಡಿದು ಕೊಡ್ರಿ. ನಿಮ್ಮ ಕೈದು ತಿಂದು ಭಾಳ ದಿನಾ ಆತು. ನನಗ ಹಸಿವ್ಯಾಗೇತಿ."

ಅವರು ಕೈ ಬಿಡಿಸಿಕೊಂಡು, ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತರು. "ಬ್ಯಾಡ," ಎಂದರು. "ನನ್ನ ಕೈದು ಬ್ಯಾಡ ನಿನಗ."