ಕಣ್ಣು ಮುಚ್ಚಿ ಹಾಕಿದ ಕಾಯಿಲ್

ಲಾಯಿಲದ ನಮ್ಮ ಮೆಕ್ಯಾನಿಕ್ ಅಣ್ಣನಿಗೆ ಇಂಜಿನ್ ಒಳಗೆ ಕೈ ಹಾಕುವಾಗ ಕಣ್ಣು ಮುಚ್ಚುವ ಅಭ್ಯಾಸ ಉಂಟು. ಭಾವನಿಗೆ ಸಂಜೆ ದುಬೈ ವಿಮಾನ ಇದ್ದ ದಿನವೇ ನಮ್ಮ ಕಾರು ಜರ್ಕ್ ಹೊಡೀಲಿಕ್ಕೆ ಶುರು ಮಾಡಿತು. ಹಾಳಾದದ್ದು ಇಂಜಿನ್ನಿನ ಹಿಂದಿನ ಮೂಲೆಯಲ್ಲಿ ಕಿಡಿ ಕೊಡುವ ಇಗ್ನಿಷನ್ ಕಾಯಿಲ್. ಅಲ್ಲಿಗೆ ಕೈಯೇ ಹೋಗುವುದಿಲ್ಲ.

"ಮೇಲಿನದ್ದೆಲ್ಲ ಬಿಚ್ಚಬೇಕಂತೆ ಅಣ್ಣ, ಮೂರು ಗಂಟೆ ಕೆಲಸ," ಅಂತ ನಾನು ಮೊಬೈಲಲ್ಲಿ ಯಾವನೋ ಮೆಕ್ಯಾನಿಕ್ ಇದೇ ಕಾಯಿಲ್ ಬದಲಿಸುವ ವಿಡಿಯೋ ಹಾಕಿ, ಟಾರ್ಚನ್ನೂ ಹಿಡಿದೆ.

"ಲೈಟ್ ಬಂದ್ ಮಾಡು ಮಾರಾಯ, ಕೈಗೆ ನಾಚಿಕೆ ಆಗ್ತದೆ," ಅಂದ್ರು. ಯಾವಾಗಲೂ ಅದೇ ಮಾತು. ಕಣ್ಣು ಮುಚ್ಚಿದ್ರು, ಮೊಣಕೈವರೆಗೆ ಒಳಗೆ ಹೋದ್ರು, ಯಾರದೋ ಗುಟ್ಟು ಕೇಳಿದ ಹಾಗೆ ಒಬ್ಬರೇ ನಕ್ಕರು.

ಹತ್ತೇ ನಿಮಿಷದಲ್ಲಿ ಹೊಸ ಕಾಯಿಲ್ ಕೂತಿತು. ಭಾವನನ್ನು ಕೂರಿಸಿಕೊಂಡು ಅಪ್ಪ ಏರ್‌ಪೋರ್ಟಿಗೆ ಹೊರಟರು.

ಆಮೇಲೆ ಅಣ್ಣ ಕೈ ಒರೆಸಿಕೊಂಡು ನನ್ನ ಪಕ್ಕ ಕೂತರು. "ಈಗ ತೋರಿಸು ಆ ವಿಡಿಯೋ. ಪಾಪ, ಅವ ಎಲ್ಲಿವರೆಗೆ ಬಿಚ್ಚಿದ ನೋಡುವ."