ಗಡಿಯ ಮಾತುಕತೆ ಮತ್ತು ಎಲೆ ಅಡಿಕೆ ತಟ್ಟೆ

ನನ್ನ ಮದುವೆಗೆ ಮುಹೂರ್ತ ಇಡಬೇಕಾಗಿದ್ದವರು ಪುರೋಹಿತರಲ್ಲ, ಎರಡು ದೇಶಗಳ ಸೇನಾಧಿಕಾರಿಗಳು. ನಗಬೇಡಿ, ನಿಜ. ಆಗ ನಮ್ಮ ಬನಶಂಕರಿಯ ಮನೆಯಲ್ಲಿ ಪಂಚಾಂಗ ಗೋಡೆಯ ಮೊಳೆಗೆ ನೇತಾಡಿಕೊಂಡು ಸುಮ್ಮನಿರುತ್ತಿತ್ತು. ಟೀವಿಯಲ್ಲಿ ಗಡಿಯ ಸುದ್ದಿ ಬಂದ ತಕ್ಷಣ ಅಪ್ಪ ಒಳಗೆ ಕೂಗುತ್ತಿದ್ದರು: "ಏಯ್, ಬನ್ರೇ, ಮಾತುಕತೆ ವಿಷ್ಯ ಹೇಳ್ತಿದಾನೆ!" ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಓಡಿ ಬರುತ್ತಿದ್ದಳು. ನಾನು ಮಾತ್ರ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದೆ. ಮದುವೆ ಹುಡುಗಿಗೆ ಅಷ್ಟೊಂದು ಆತುರ ಇರಬಾರದಲ್ಲ, ಅದಕ್ಕೆ.

ನನಗೆ ಗೊತ್ತು ಮಾಡಿದ್ದ ಹುಡುಗ ಸೈನ್ಯದಲ್ಲಿದ್ದ. ಇಲ್ಲೇ ನಮ್ಮ ಬನಶಂಕರಿ ಹತ್ತಿರದ ಶ್ರೀನಗರದವನು. ಅವನ ಅಪ್ಪ ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಅವನಿದ್ದದ್ದು ಬೇಸಿಗೆಯಲ್ಲೂ ಹಿಮ ಕರಗದ ಗಡಿಯ ಬೆಟ್ಟಗಳಲ್ಲಿ. ಪಕ್ಕದ ದೇಶದವರು ಅಲ್ಲಿ ಮುಂದೆ ಬಂದು ಕೂತಿದ್ದರು, ನಮ್ಮವರೂ ಎದುರಿಗೆ ಹೋಗಿ ಕೂತಿದ್ದರು. ಇಬ್ಬರೂ ಹಿಂದೆ ಸರಿಯುವುದು ಹೇಗೆ ಅಂತ ಅಧಿಕಾರಿಗಳು ಆಗಾಗ ಸೇರಿ ಮಾತಾಡುತ್ತಿದ್ದರು. ಅವರ ಮಾತು ಕುದುರಿದರೆ ಅವನಿಗೆ ಉದ್ದ ರಜೆ, ರಜೆ ಸಿಕ್ಕರೆ ನಮಗೆ ಮದುವೆ. ಅಷ್ಟೇ ಲೆಕ್ಕ.

ನಿಶ್ಚಿತಾರ್ಥಕ್ಕೆ ಹೇಗೋ ನಾಲ್ಕು ದಿನ ಬಂದಿದ್ದ. ಬಿಸಿಲಿಗೂ ಚಳಿಗೂ ಮೂಗು ಸುಲಿದುಹೋಗಿತ್ತು. ಅದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ, ಅವನೂ ನಕ್ಕ. ನನ್ನ ಮನಸ್ಸು ಅಲ್ಲೇ ಕೂತುಬಿಟ್ಟಿತು. ಎರಡು ಕಡೆಯ ದೊಡ್ಡವರು ಎಲೆ ಅಡಿಕೆ ತಟ್ಟೆ ಬದಲಾಯಿಸಿಕೊಂಡರು.

ಈ ತಟ್ಟೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಹೊಲ ಈಗ ಬಿಟಿಎಂ ಲೇಔಟಿನ ಪಿಜಿಗಳ ಸಾಲು. ಅದರ ಬಾಡಿಗೆಯಲ್ಲೇ ನಮ್ಮ ಜೀವನ. ಹೊಲ ಹೋದರೂ ಅಪ್ಪನ ನ್ಯಾಯ ಮಾತ್ರ ಹೊಲದ್ದೇ. ಬದುವಿನ ಜಗಳವಾಗಲಿ, ಮದುವೆಯ ಮಾತಾಗಲಿ, ಎಲೆ ಅಡಿಕೆ ಕೈ ಬದಲಾದರೆ ಮುಗಿಯಿತು. "ಆಮೇಲೆ ಸಾಕ್ಷಿ ಬೇಡ, ಪತ್ರ ಬೇಡ. ಮಾತು ಅಂದ್ರೆ ಮಾತು," ಎಂದು ಆವತ್ತೂ ಬೀಗರ ಮುಂದೆ ಎದೆಯುಬ್ಬಿಸಿ ಹೇಳಿದ್ದರು.

ಅದರಿಂದಲೇ ನಾವು ಕೆಟ್ಟದ್ದು. ಒಂದು ದಿನ ವಾರ್ತೆಯಲ್ಲಿ, ಹಿಂದೆ ಸರಿಯಲು ಎರಡೂ ದೇಶಗಳು ತಾತ್ವಿಕವಾಗಿ ಒಪ್ಪಿವೆ ಎಂದರು. ಇಬ್ಬರು ಅಧಿಕಾರಿಗಳು ಕೈ ಕುಲುಕುವುದನ್ನೂ ತೋರಿಸಿದರು. ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

"ಅಪ್ಪ, ತಾತ್ವಿಕವಾಗಿ ಅಂದ್ರೆ ಇನ್ನೂ ಪೂರ್ತಿ ಆಗಿಲ್ಲ ಅಂತ," ಎಂದೆ.

"ಸುಮ್ನಿರಮ್ಮ. ಒಪ್ಪಿದಾರೆ ಅಂದ್ಮೇಲೆ ಒಪ್ಪಿದಾರೆ. ಅಷ್ಟು ದೊಡ್ಡೋರು ಕೂತು ಮಾತಾಡಿ ಆಮೇಲೆ ಮಾತು ಬದಲಾಯಿಸ್ತಾರಾ?"

ಮಾರನೆಯ ದಿನವೇ ತ್ಯಾಗರಾಜನಗರದ ಛತ್ರ ಗೊತ್ತಾಯಿತು. ಲಗ್ನಪತ್ರಿಕೆ ಅಚ್ಚಾಯಿತು. ಬಳೆಗಾರ ಬಂದು ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಡಿಸಿದ. "ಧಾರೆ ಆಗೋವರೆಗೂ ಕೈಯಿಂದ ತೆಗೀಬಾರ್ದು," ಎಂದು ಅಮ್ಮ ಕಟ್ಟಪ್ಪಣೆ ಮಾಡಿದಳು. ನಾನು ಜಯನಗರದ ಕಣ್ಣಿನ ಕ್ಲಿನಿಕ್ಕಿನ ಮುಂದಿನ ಕೌಂಟರಿನಲ್ಲಿ ಕೂತು ಟೋಕನ್ ಕೊಡುವವಳು. ಕಂಪ್ಯೂಟರ್ ಮುಟ್ಟಿದರೆ ಸಾಕು, ಬಳೆ ಸದ್ದಿಗೆ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕೂತ ಅಜ್ಜಿಯರೆಲ್ಲ ತಿರುಗಿ, "ಮದ್ವೇನಾ ಪುಟ್ಟಾ?" ಎನ್ನುತ್ತಿದ್ದರು. ಹೂಂ ಅನ್ನುವುದಕ್ಕೆ ಎಷ್ಟು ಖುಷಿ ನನಗೆ!

ಮದುವೆ ಹತ್ತಿರ ಬಂದಾಗ ಅವನ ಫೋನ್ ಬಂತು. ರಜೆ ಇಲ್ಲ.

"ಒಪ್ಪಿದಾರೆ ಅಂದ್ರಲ್ರೀ?"

"ಒಪ್ಪಿದಾರೆ. ಟೆಂಟಲ್ಲಿ ಕೂತು ಟೀ ಕುಡೀತಾರೆ, ಕೈ ಕುಲುಕ್ತಾರೆ. ಆಮೇಲೆ ನೀವು ಮೊದ್ಲು ಹಿಂದೆ ಹೋಗಿ ಅಂತ ನಾವು, ಇಲ್ಲ ನೀವು ಮೊದ್ಲು ಅಂತ ಅವ್ರು."

"ಯಾರಾದ್ರೂ ಒಬ್ರು ಸರೀಬಾರ್ದಾ?"

"ಸರಿದ ಜಾಗಕ್ಕೆ ಇನ್ನೊಬ್ರು ಬಂದು ಕೂತ್ಕೊಂಡ್ರೆ?" ಎಂದು ನಕ್ಕ. ಆಮೇಲೆ, "ಬಳೆ ಸದ್ದು ಕೇಳಿಸ್ತಿದೆ. ಇನ್ನೊಂದ್ಸಲ ಆಡ್ಸು," ಎಂದ. ನಾನು ಫೋನಿನ ಹತ್ತಿರ ಕೈ ಆಡಿಸಿದೆ. ಅಳುತ್ತಿದ್ದದ್ದು ಅವನಿಗೆ ಕೇಳಿಸದಿರಲಿ ಎಂದು ಜೋರಾಗಿಯೇ ಆಡಿಸಿದೆ.

ಮದುವೆ ಮುಂದಕ್ಕೆ ಹೋಯಿತು. ಮತ್ತೆ ಮಾತುಕತೆ, ಮತ್ತೆ ಆಸೆ, ಇನ್ನೊಂದು ಸಲ ಛತ್ರ, ಇನ್ನೊಂದು ಸಲ ರಜೆ ರದ್ದು. ಅಷ್ಟರಲ್ಲಿ ನಾನು ವಾರ್ತೆಯ ಭಾಷೆಯಲ್ಲಿ ಪಂಡಿತೆಯಾಗಿದ್ದೆ. ಸೌಹಾರ್ದ ವಾತಾವರಣದಲ್ಲಿ ಚರ್ಚೆ ಎಂದರೆ ಬರೀ ಟೀ. ಚರ್ಚೆ ಮುಂದುವರಿಸಲು ಸಮ್ಮತಿ ಎಂದರೆ ಅದೂ ಇಲ್ಲ. "ಇಷ್ಟು ಸಲ ಕೂತು ಮಾತಾಡಿದ್ದಕ್ಕೆ ಎರಡು ದೇಶಾನೂ ಬೀಗ್ರಾಗ್ಬಿಡ್ಬೇಕಿತ್ತು," ಎಂದು ಅಮ್ಮ ಗೊಣಗುತ್ತಿದ್ದಳು. ಬಳೆಗಳು ಬಸ್ಸಿನ ಕಂಬಿಗೋ ನಲ್ಲಿಗೋ ತಗುಲಿ ಒಂದೊಂದೇ ಒಡೆಯುತ್ತಿದ್ದವು. ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು ಎಂದು ಅಮ್ಮ ತಿದ್ದುತ್ತಿದ್ದಳು.

ನೆಂಟರ ಬಾಯಿಗೆ ಬೀಗ ಹಾಕುವವರಾರು? "ಎರಡು ಸಲ ನಿಂತುಹೋದ ಮದುವೆ. ಹುಡುಗೀಗೆ ಏನೋ ದೋಷ ಇದೆ, ನೋಡ್ಸಿ," ಎಂದು ದೊಡ್ಡಮ್ಮ ಎಲ್ಲರ ಮುಂದೆಯೇ ಅಂದಳು. ಅಪ್ಪನಿಗೆ ಅದು ನಾಟಿತು. ನನಗೆ ದೋಷ ಎಂದದ್ದಕ್ಕಲ್ಲ, ಎಲ್ಲರ ಮುಂದೆ ಎಂದದ್ದಕ್ಕೆ.

ಒಂದು ಭಾನುವಾರ ಅವನ ಅಪ್ಪ ಅಮ್ಮನನ್ನು ಮನೆಗೆ ಕರೆಸಿದರು. ಕಾಫಿ ಕೊಟ್ಟು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ನನಗೆ ಒಂದು ತಾರೀಕು ಹೇಳ್ಬಿಡಿ," ಎಂದರು ಅಪ್ಪ.

"ತಾರೀಕು ನನ್ನ ಕೈಲಿದ್ಯಾ ಬೀಗ್ರೇ?" ಎಂದರು ಅವನ ಅಪ್ಪ. "ಇನ್ನೊಂದು ಮಾತುಕತೆ ಆಗ್ಲಿ, ಅಲ್ಲೀವರ್ಗೂ ತಡ್ಕೊಳಿ."

"ಬೀಗ್ರು ಅನ್ನೋದು ಬೇಡ ಬಿಡಿ ಇನ್ನು."

ಅಪ್ಪ ಒಳಗೆ ಹೋಗಿ ನಿಶ್ಚಿತಾರ್ಥದ ಸೀರೆ, ಉಂಗುರ ಎರಡನ್ನೂ ಅದೇ ತಟ್ಟೆಯಲ್ಲಿಟ್ಟು ತಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಡುಮನೆಗೆ ಬಂದು ನಿಂತೆ.

"ಎಲೆ ಅಡಿಕೆ ಬದಲಾಯಿಸಿದ್ಮೇಲೆ ಮಾತು ಮುಗೀತು ಅಂದೋರು ನೀವೇ ಅಲ್ವಾ ಅಪ್ಪ?"

"ಒಳಗೆ ಹೋಗು."

ನಾನು ಹೋಗಲಿಲ್ಲ. ಹೋದವರು ಅವರು. ಅವನ ಅಮ್ಮ ಲೋಟವನ್ನು ಮುಟ್ಟಿಯೇ ಇರಲಿಲ್ಲ. ಎದ್ದು ಬಂದು ನನ್ನ ಕೆನ್ನೆ ಸವರಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದರು.

ವಾರದ ಮೇಲೆ ಅವನ ಫೋನ್ ಸಿಕ್ಕಿತು. ಅಪ್ಪ ಏನಾದರೂ ಹೇಳಿಕೊಳ್ಳಲಿ, ನಾನು ಕಾಯುತ್ತೇನೆ ಎಂದೆ.

"ಎಷ್ಟು ದಿನ ಅಂತ ಕಾಯ್ತೀಯ? ನಂಗೇ ಗೊತ್ತಿಲ್ಲ. ನಿಮ್ಮಪ್ಪ ಹೇಳೋದು ಸರಿ," ಎಂದ.

"ಅಂದ್ರೆ ನೀವು ಹಿಂದೆ ಸರೀತಿದೀರಾ?"

"ಒಬ್ರಾದ್ರೂ ಸರೀಬೇಕಲ್ಲ. ನೀನೇ ಹೇಳಿದ್ದೆ."

ಅಯ್ಯೋ ದೇವರೇ, ನಾನು ಹೇಳಿದ್ದು ಅವನಿಗಾ? ಅಷ್ಟು ಸಿಟ್ಟು, ಅಷ್ಟು ದುಃಖ ನನಗೆ ಜೀವನದಲ್ಲಿ ಬಂದಿರಲಿಲ್ಲ. ಫೋನಿಟ್ಟು ಬಂದಾಗ ಅಮ್ಮ, "ಇನ್ಯಾಕೆ, ಆ ಬಳೆ ತೆಗೆದ್ಬಿಡೇ," ಎಂದಳು. "ಧಾರೆ ಆಗೋವರೆಗೂ ತೆಗೀಬಾರ್ದು ಅಂದೋಳು ನೀನೇ," ಎಂದು ಕಿರುಚಿದೆ.

ಕೊನೆಗೆ ಒಪ್ಪಂದ ಆಗಿಯೇ ಆಯಿತು. ನಿಜವಾದ ಒಪ್ಪಂದ. ಎರಡು ಕಡೆಯವರೂ ಡೇರೆ ಕಿತ್ತು ಹಿಂದೆ ಸರಿದರು. ಎರಡೂ ದೇಶದ ಸೈನಿಕರು ಸಿಹಿ ಡಬ್ಬಿ ಬದಲಾಯಿಸಿಕೊಳ್ಳುವುದನ್ನು ಟೀವಿಯಲ್ಲಿ ತೋರಿಸಿದರು. ಎಲ್ಲರೂ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಆದರೂ ನಾನು ಸುಲಿದ ಮೂಗು ಹುಡುಕಿದೆ. ಅಪ್ಪ ಕೂಗಿ ಯಾರನ್ನೂ ಕರೆಯಲಿಲ್ಲ.

"ಒಂದು ಫೋನ್ ಮಾಡ್ರೀ," ಎಂದಳು ಅಮ್ಮ.

"ಅವ್ರೇ ಮಾಡ್ಲಿ ಮೊದ್ಲು," ಎಂದರು ಅಪ್ಪ.

ನಾನೂ ಅದೇ ರಕ್ತವಲ್ಲವೇ? ಸರಿದವನು ಅವನು, ಬರಬೇಕಾದವನೂ ಅವನೇ ಎಂದು ಹಟ ಹಿಡಿದು ಕೂತೆ. ಅವನು ರಜೆಗೆ ಬಂದಿದ್ದಾನೆ ಎಂಬ ಸುದ್ದಿ ಬಂತು. ಶ್ರೀನಗರವೇನು ಹಿಮಾಲಯದಲ್ಲಿದೆಯೇ? ಬನಶಂಕರಿಯಿಂದ ಆಟೋ ಹತ್ತಿದರೆ ಇಳಿಯುವಷ್ಟು ದೂರ. ದಿನಗಳು ಹೋದವು, ಯಾರೂ ಹೋಗಲಿಲ್ಲ, ಯಾರೂ ಬರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅಪ್ಪ ಗಡ್ಡ ಬೋಳಿಸಿಕೊಂಡು, ಬಿಳಿ ಪಂಚೆ ಉಟ್ಟು, ಅಮ್ಮನಿಂದ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ತಟ್ಟೆಯಲ್ಲಿ ಜೋಡಿಸಿಕೊಂಡರು. "ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ," ಎಂದು ಯಾರ ಮುಖವನ್ನೂ ನೋಡದೆ ಹೊರಟರು. ನಾನು ಕ್ಲಿನಿಕ್ಕಿಗೆ ಹೋಗಲಿಲ್ಲ. ತಲೆಗೆ ಸ್ನಾನ ಮಾಡಿದೆ.

ಅಪ್ಪ ಊಟದ ಹೊತ್ತಿಗೆ ಬಂದರು. ತಟ್ಟೆಯಲ್ಲಿ ಇಟ್ಟದ್ದು ಇಟ್ಟ ಹಾಗೇ ಇತ್ತು.

"ಹೋದ ವಾರ ಬೇರೆ ಕಡೆ ಎಲೆ ಅಡಿಕೆ ಬದಲಾಯಿಸಿದ್ರಂತೆ," ಎಂದರು. "ಆದ್ಮೇಲೆ ಮಾತು ಮುಗೀತಲ್ಲ ಸಾರ್, ನೀವೇ ಹೇಳ್ತಿದ್ರಿ ಅಂದ್ರು ಅವರಪ್ಪ. ಸಾರ್ ಅಂದ್ರು ನನ್ನ."

ಅಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು.

"ಅವರಿದ್ರಾ?" ಎಂದು ಕೇಳಿದೆ.

"ಇದ್ದ. ನೀರು ತಂದುಕೊಟ್ಟ. ಬಾಗಿಲವರೆಗೂ ಬಂದು, ಅವಳ ಕೈಲಿ ಬಳೆ ಇನ್ನೂ ಇದ್ಯಾ ಅಂತ ಕೇಳ್ದ."

"ಏನಂದ್ರಿ?"

"ಯಾವಾಗ್ಲೋ ತೆಗೆದ್ಲು ಅಂದೆ ಕಣಮ್ಮ. ಆ ಹುಡುಗನಿಗೆ ಇನ್ನೇನಂತ ಹೇಳ್ಲಿ?"

ನನ್ನ ಎಡಗೈಯಲ್ಲಿ ಮೂರು ಉಳಿದಿದ್ದವು. ಅಮ್ಮ ಎದ್ದು ಬಚ್ಚಲಿನಿಂದ ಸೋಪು ತಂದಳು. ನಾನು ಕೈ ಚಾಚಿದೆ.