ನೀಲಿ ದೀಪದ ಡಿಸ್ಕು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ನಮ್ಮ ಕಡೆ ಹುಣಸೆಮರಕ್ಕೊಂದು, ಕಾಲುಸಂಕಕ್ಕೊಂದು ದೆವ್ವ ಇದೆ ಎಂದು ನಂಬುವವರು ಬಹಳ. ಯಾರಾದರೂ ಅಂಥ ಸುದ್ದಿ ತೆಗೆದರೆ "ಆ ದಿನ ಎಷ್ಟು ಕುಡ್ದಿದ್ರಿ?" ಎಂದು ಕೇಳಿ ಅವರ ಮುಖ ಬಾಡಿಸುವುದು ನನ್ನ ಚಾಳಿಯಾಗಿತ್ತು. ಕಂಪ್ಯೂಟರ್ ಕೆಲಸದವನಿಗೆ ಇನ್ನೊಂದು ಸೊಕ್ಕೂ ಇರುತ್ತದೆ. ಯಂತ್ರ ಏನು ಮಾಡಿದರೂ ಅದಕ್ಕೊಂದು ಕಾರಣ ಇರುತ್ತದೆ, ಆ ಕಾರಣ ಅದರೊಳಗೇ ಎಲ್ಲೋ ದಾಖಲಾಗಿರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ. ಈಗಲೂ ನಾನು ಹಾಗೆಯೇ ನಂಬುತ್ತೇನೆ. ಆದರೆ ಆರು ವರ್ಷದ ಹಿಂದೆ ಕುಮಟೆಯಲ್ಲಿ ನಡೆದ ಒಂದು ಸಂಗತಿಯ ಕಾರಣ ಮಾತ್ರ ಇನ್ನೂ ಸಿಕ್ಕಿಲ್ಲ. ದೆವ್ವದ ಕಥೆಗಳೆಲ್ಲ ಅಮಾವಾಸ್ಯೆ ರಾತ್ರಿ ನಡೆಯುತ್ತವಂತೆ. ನನ್ನದು ನಡೆದದ್ದು ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಊರುಗಳ ದೊಡ್ಡ ಸರ್ವರ್‌ಗಳನ್ನು ನೋಡಿಕೊಳ್ಳುವ ಗುತ್ತಿಗೆ ಹಿಡಿದ ಒಂದು ಸಣ್ಣ ಕಂಪನಿಯಲ್ಲಿ ನಾನು ನೌಕರ. ಸರ್ವರ್ ಕೋಣೆ ಎಂದರೆ ಕಿಟಕಿ ಇಲ್ಲದ, ಸದಾ ಎಸಿ ಹಾಕಿದ, ಫ್ಯಾನುಗಳ ಗದ್ದಲದಲ್ಲಿ ಪಕ್ಕದವನ ಮಾತೂ ಕೇಳಿಸದ ಜಾಗ. ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅದು ಬೇರೆ ಮಾತು. ಮೇ ತಿಂಗಳ ಸೆಕೆಯಲ್ಲೂ ನನ್ನ ಚೀಲದಲ್ಲಿ ಸ್ವೆಟರ್ ಇರುತ್ತದೆ. ಬಸ್ಸಿನಲ್ಲಿ ಅದನ್ನು ಕಂಡವರು ಜ್ವರವೇ ಎಂದು ಕೇಳುತ್ತಾರೆ. ಮದುವೆಯಾಗಿಲ್ಲ. ಕುಮಟೆಯಲ್ಲಿ ಒಂದು ಬಾಡಿಗೆ ಕೋಣೆ, ಊಟಕ್ಕೆ ಖಾನಾವಳಿ. ವಾರಗಟ್ಟಲೆ ಕಂಡಕ್ಟರ್ ಮತ್ತು ಖಾನಾವಳಿಯವರನ್ನು ಬಿಟ್ಟು ಬೇರೆ ಯಾರೊಡನೆಯೂ ಮಾತಾಡದೆ ಇದ್ದದ್ದಿದೆ.

ದೊಡ್ಡ ಸರ್ವರ್ ಒಂದೇ ಪೆಟ್ಟಿಗೆಯಾದರೂ ಒಳಗೆ ಅದನ್ನು ಪಾಲು ಮಾಡಿರುತ್ತೇವೆ. ದೊಡ್ಡ ಮನೆಗೆ ನಡುವೆ ಗೋಡೆ ಎಬ್ಬಿಸಿ ಅಣ್ಣತಮ್ಮಂದಿರಿಗೆ ಹಿಸ್ಸೆ ಕೊಟ್ಟಂತೆ. ಪ್ರತಿ ಹಿಸ್ಸೆಯೂ ತಾನೇ ಒಂದು ಪೂರ್ತಿ ಕಂಪ್ಯೂಟರ್ ಎಂದು ತಿಳಿದುಕೊಂಡಿರುತ್ತದೆ. ಆದರೆ ಯಾರ ಬಳಿಯೂ ಸ್ವಂತ ಡಿಸ್ಕು ಇರುವುದಿಲ್ಲ. ಡಿಸ್ಕುಗಳೆಲ್ಲ ಇರುವುದು ನಡುವೆ ಕುಳಿತ ಇನ್ನೊಂದು ಹಿಸ್ಸೆಯ ವಶದಲ್ಲಿ. ಯಾವ ಡಿಸ್ಕು ಯಾರಿಗೆ ಎಂದು ಅದು ಹಂಚುತ್ತದೆ, ಹಾಗೆ ಹಂಚಿಸುವವನು ನಾನು. ಹಂಚುವುದು ತಪ್ಪಿದರೆ ಒಬ್ಬರ ಸಾಮಾನಿನ ಮೇಲೆ ಇನ್ನೊಬ್ಬರು ಸಂಸಾರ ಹೂಡುತ್ತಾರೆ, ಹಳೆಯ ಸಾಮಾನು ಅಳಿಸಿಹೋಗುತ್ತದೆ.

ಈ ಕೆಲಸ ನನಗೆ ಕಲಿಸಿದವರು ವಿಠ್ಠಲಣ್ಣ. ಭಟ್ಕಳದ ಹತ್ತಿರ ಶಿರಾಲಿಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಮೆತ್ತಗಿನ ಮಾತು, ಕಿಸೆಯಲ್ಲಿ ಸದಾ ಒಂದು ಗುಂಡುಸೂಜಿ ಮತ್ತು ಹರಿದ ಕಾಗದದ ಚೂರುಗಳು. ಹೊರಗೆ ಹೇಳಿಕೊಳ್ಳದಿದ್ದರೂ ನನಗಿದ್ದ ಒಬ್ಬನೇ ಗೆಳೆಯ ಅವರೇ. ಅವರದೊಂದು ವಿಚಿತ್ರ ಪದ್ಧತಿ ಇತ್ತು. ಪ್ರತಿ ಡಿಸ್ಕಿನ ಮುಂಭಾಗದಲ್ಲಿ ಎಳ್ಳುಕಾಳಿನಷ್ಟು ಸಣ್ಣ ನೀಲಿ ದೀಪ ಇರುತ್ತದೆ. ಕೀಬೋರ್ಡಿನಿಂದ ಆಜ್ಞೆ ಕೊಟ್ಟು ಅದನ್ನು ಹೊತ್ತಿಸಬಹುದು. ಲೋಕವೆಲ್ಲ ಮಾಡುವುದೇನೆಂದರೆ, ಯಾವ ಡಿಸ್ಕನ್ನು ತೆಗೆಯಬೇಕೋ ಅದರ ದೀಪ ಹೊತ್ತಿಸಿ, ಹೋಗಿ ಅದನ್ನು ಎಳೆಯುವುದು. ವಿಠ್ಠಲಣ್ಣ ಇದಕ್ಕೆ ತದ್ವಿರುದ್ಧ. ಯಾವುದನ್ನು ಮುಟ್ಟಲೇಬಾರದೋ ಅದರ ದೀಪ ಹೊತ್ತಿಸುತ್ತಿದ್ದರು.

"ತೆಗುದಕ್ಕೆ ದೀಪ ಎಂತಕ್ಕೆ ತಮಾ? ಉಳಿಬೇಕಾದ್ದಕ್ಕೆ ದೀಪ" ಎನ್ನುತ್ತಿದ್ದರು.

ನಾನು ಅವರನ್ನು ಡಿಸ್ಕಿನ ಭಟ್ಟರು ಎಂದು ಚೇಷ್ಟೆ ಮಾಡುತ್ತಿದ್ದೆ. ಅವರು ನಗುತ್ತಿದ್ದರು. ಮೂರೂ ಊರುಗಳಲ್ಲಿ ಹಾಗೆ ಮಾಡುವವರು ಅವರೊಬ್ಬರೇ.

ಈಗ ಬರೆಯುವುದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಕುಮಟೆಯ ಘಟನೆಗೆ ಎರಡು ವರ್ಷ ಮೊದಲು, ಹೊನ್ನಾವರದ ಒಂದು ಕಚೇರಿಯಲ್ಲಿ ಕೆಟ್ಟ ಡಿಸ್ಕು ಬದಲಿಸುವುದಿತ್ತು. ಬೆಳಗಿನಿಂದ ಕೆಲಸ ಮಾಡಿದ ವಿಠ್ಠಲಣ್ಣ ಮಧ್ಯಾಹ್ನ ಊಟಕ್ಕೆ ಹೋದರು. ನಾನು ಭಟ್ಕಳದಿಂದ ಬಂದವನು ಗಡಿಬಿಡಿಯಲ್ಲಿ ಒಳಗೆ ಹೋದೆ, ಅವರ ಪದ್ಧತಿ ಮರೆತು ನೀಲಿ ದೀಪ ಉರಿಯುತ್ತಿದ್ದ ಡಿಸ್ಕನ್ನು ಎಳೆದುಬಿಟ್ಟೆ. ಎಳೆದ ಮೇಲೆ ನೋಡಿದರೆ ಪಕ್ಕದ ಜಾಲರಿಗೆ ಗುಂಡುಸೂಜಿಯಿಂದ ಸಿಕ್ಕಿಸಿದ ಅವರ ಚೀಟಿ: "ನೀಲಿ ದೀಪದ್ದು ಮುಟ್ಟಬೇಡ." ನಾನು ನೋಡಿರಲೇ ಇಲ್ಲ. ಕೆಟ್ಟದ್ದು ಒಳಗೇ ಉಳಿದು ಸರಿಯಿದ್ದದ್ದು ಹೊರಬಂದದ್ದರಿಂದ ಎರಡು ದಿನ ಆ ಕಚೇರಿಯ ಕೆಲಸ ನಿಂತಿತು. ನಮ್ಮ ಕಂಪನಿಯ ಸಾಹೇಬರು ಬರುವ ಮೊದಲು ನಾನು ಆ ಚೀಟಿ ಕಿತ್ತು ಕಿಸೆಯಲ್ಲಿ ಇಟ್ಟುಕೊಂಡೆ. ವಿಚಾರಣೆಯಲ್ಲಿ, ವಿಠ್ಠಲಣ್ಣ ಉಲ್ಟಾ ದೀಪ ಹೊತ್ತಿಸಿದ್ದರು, ಯಾವ ಸೂಚನೆಯೂ ಇರಲಿಲ್ಲ ಎಂದೆ.

ವಿಠ್ಠಲಣ್ಣ ಹೊರಗೆ ಬಂದಮೇಲೆ ನನ್ನನ್ನು ಒಂದೇ ಮಾತು ಕೇಳಿದರು. "ಚೀಟಿ ಕಾಣ್ಲಿಲ್ವಾ ತಮಾ?"

"ಇಲ್ಲ" ಎಂದೆ.

"ಆತು. ಫ್ಯಾನಿನ ಗಾಳಿಗೆ ಹಾರಿರ್ಬೇಕು" ಎಂದರು.

ಗುಂಡುಸೂಜಿ ಚುಚ್ಚಿದ ಚೀಟಿ ಹಾರುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮರುತಿಂಗಳಿಂದ ಅವರನ್ನು ಕೆಲಸದಿಂದ ಬಿಡಿಸಿದರು. ನಾನು ಫೋನ್ ಮಾಡಲಿಲ್ಲ, ಅವರೂ ಮಾಡಲಿಲ್ಲ. ಒಂದೂವರೆ ವರ್ಷದ ನಂತರ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಭಟ್ಕಳದಲ್ಲೇ ಇದ್ದೆ. ಶಿರಾಲಿ ಬಸ್ಸಿನಲ್ಲಿ ಕಾಲು ಗಂಟೆಯ ದಾರಿ. ಹೋಗಲಿಲ್ಲ. ಹೋಗುವ ಮುಖ ಇರಲಿಲ್ಲ.

ಇನ್ನು ಕುಮಟೆಯ ಆ ಭಾನುವಾರಕ್ಕೆ ಬರುತ್ತೇನೆ. ಅದು ಒಂದು ಆಸ್ಪತ್ರೆ, ಹೆಸರು ಬೇಡ. ಅಲ್ಲಿಯ ಸರ್ವರ್‌ಗೆ ಡಿಸ್ಕುಗಳ ಇನ್ನೊಂದು ಪೆಟ್ಟಿಗೆ ಜೋಡಿಸಿ, ಔಷಧ ವಿಭಾಗಕ್ಕೆ ಹೊಸ ಹಿಸ್ಸೆ ಮಾಡಿಕೊಡಬೇಕಿತ್ತು. ಭಾನುವಾರ ಹೊರರೋಗಿಗಳು ಇಲ್ಲದ ಕಾರಣ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಎಲ್ಲವನ್ನೂ ನಿಲ್ಲಿಸಲು ಒಪ್ಪಿದ್ದರು. ಒಳಗೆ ನಾನೊಬ್ಬನೇ. ಹನ್ನೊಂದರ ಹೊತ್ತಿಗೆ ಅಲ್ಲಿಯ ಆಯಾ ಮಾದೇವಿ ಚಾ ತಂದಳು. ಅಘನಾಶಿನಿಯವಳು, ಕೆಲಸವಿಲ್ಲದ ದಿನ ಹೊಳೆಯಲ್ಲಿ ಬೆಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರುವವಳು. ಅಲ್ಲಿಗೆ ಹೋದಾಗಲೆಲ್ಲ ನನ್ನನ್ನು ಮಾತಾಡಿಸುತ್ತಿದ್ದವಳು ಅವಳೊಬ್ಬಳೇ.

"ಎಂತಾ ಥಂಡಿ ಸಾರ್ ಇದು! ಮೀನು ಇಟ್ರೆ ಎಂಟು ದಿನ ಹಾಳಾಗುದಿಲ್ಲ" ಎಂದಳು. ಆಮೇಲೆ ಬಾಗಿಲಲ್ಲೇ ನಿಂತು, "ನಮ್ಮನೆಯವ್ರ ತಲೆದು ಸ್ಕ್ಯಾನು ನಿನ್ನೆ ಸಂಜೆ ಮಾಡ್ಸಿದ್ದು. ಫೋಟೋ ಎಲ್ಲ ಇದ್ರೊಳಗೇ ಇತ್ತಂತೆ ಅಲ್ವ? ನಾಳೆ ಮಂಗ್ಳೂರಲ್ಲಿ ಡಾಕ್ಟ್ರು ನೋಡಿ ಆಪ್ರೇಶನ್ ಮಾಡೂದು. ಜಾಗ್ರತೆ ಹಾಂ" ಎಂದಳು.

"ಅದಕ್ಕೆ ಏನೂ ಆಗುದಿಲ್ಲ, ನೀನು ಹೋಗು" ಎಂದೆ, ಸ್ವಲ್ಪ ಒರಟಾಗಿಯೇ. ಕೆಲಸದ ನಡುವೆ ಯಾರಾದರೂ ಜಾಗ್ರತೆ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಬೆಳಗ್ಗೆಯೇ ಒಂದು ಪಟ್ಟಿ ಮಾಡಿಕೊಂಡಿದ್ದೆ. ಏಳನೆಯ ಡಿಸ್ಕು ಖಾಲಿ, ಎಂಟನೆಯದರಲ್ಲಿ ಎಕ್ಸ್‌ರೇ ಮತ್ತು ಸ್ಕ್ಯಾನಿನ ಚಿತ್ರಗಳು. ಆಮೇಲೆ ಹೊಸ ಪೆಟ್ಟಿಗೆ ಜೋಡಿಸಿದೆ, ಹಳೆಯ ಹಂಚಿಕೆಯನ್ನೆಲ್ಲ ಬಿಚ್ಚಿದೆ, ನಡುವಿನ ಹಿಸ್ಸೆಯನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಇಲ್ಲೇ ನನ್ನ ತಪ್ಪು. ಹಾಗೆ ಚಾಲೂ ಮಾಡಿದಾಗ ಡಿಸ್ಕುಗಳ ನಂಬರು ಬದಲಾಗಬಹುದು. ಸಾಲಿನಲ್ಲಿ ಹೊಸಬರು ನುಗ್ಗಿದರೆ ಹಿಂದಿನವರ ಸರದಿ ಬದಲಾಗುತ್ತದಲ್ಲ, ಹಾಗೆ. ಬದಲಾಗದೆ ಇರುವುದು ಡಿಸ್ಕಿನ ಮೈಮೇಲೆ ಅಚ್ಚಾದ ನಂಬರು ಮಾತ್ರ. ಇದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಯುವ ಪಾಠ. ಆದರೆ ಮೂರು ಗಂಟೆಯಾಗಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ನಾನು ಬೆಳಗಿನ ಪಟ್ಟಿಯನ್ನೇ ನಂಬಿದೆ.

ಏಳನೆಯ ಡಿಸ್ಕನ್ನು ಹೊಸದಾಗಿ ಸಜ್ಜು ಮಾಡುವ ಆಜ್ಞೆ ಕೊಟ್ಟೆ. ಯಂತ್ರ ಒಪ್ಪಲಿಲ್ಲ, ಇದರಲ್ಲಿ ಮೊದಲೇ ಏನೋ ಇದೆ ಎಂದಿತು. ಹಳೆಯ ಡಿಸ್ಕುಗಳ ಮಟ್ಟಿಗೆ ಅದು ದಿನನಿತ್ಯದ ತಕರಾರು. ಹಿಂದೆ ಯಾರೋ ಬಳಸಿದ ಕುರುಹು ಉಳಿದಿರುತ್ತದೆ. ಅದಕ್ಕೆಂದೇ ಆಜ್ಞೆಯ ಕೊನೆಗೆ ಒಂದು ಅಕ್ಷರ ಸೇರಿಸುತ್ತೇವೆ, ಅದರ ಅರ್ಥ 'ಪರವಾಗಿಲ್ಲ, ಮಾಡು' ಎಂದು. ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಸೇರಿಸಿದ್ದೇನೋ ಲೆಕ್ಕವಿಲ್ಲ. ಆಗಲೂ ಸೇರಿಸಿದೆ. ಇನ್ನು ಎಂಟರ್ ಒತ್ತುವುದು ಬಾಕಿ.

ಆಗ ಯಂತ್ರದ ಜಾಲರಿ ಬಾಗಿಲಿನ ಹಿಂದೆ ನೀಲಿ ಬೆಳಕು ಕಂಡಿತು. ಡಿಸ್ಕುಗಳ ಸಾಲಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿತ್ತು.

ನಾನು ಯಾವ ದೀಪವನ್ನೂ ಹೊತ್ತಿಸಿರಲಿಲ್ಲ. ಕೈತಪ್ಪಿ ಆಗಿರಬೇಕು ಎಂದುಕೊಂಡು ಆರಿಸುವ ಆಜ್ಞೆ ಕೊಟ್ಟೆ. ಎಲ್ಲ ದೀಪಗಳೂ ಆರಿಯೇ ಇವೆ ಎಂದು ಪರದೆಯ ಮೇಲೆ ಬಂತು. ತಲೆಯೆತ್ತಿ ನೋಡಿದರೆ ಅದು ಉರಿಯುತ್ತಲೇ ಇದೆ. ಎದ್ದು ಹೋಗಿ ಬಾಗಿಲು ತೆಗೆದು, ಆ ಡಿಸ್ಕಿನ ಮೇಲೆ ಅಚ್ಚಾದ ನಂಬರನ್ನು ಅಂಗೈಮೇಲೆ ಪೆನ್ನಿನಿಂದ ಬರೆದುಕೊಂಡು ಬಂದೆ. ಇದು ಯಾವುದು ಎಂದು ಯಂತ್ರವನ್ನೇ ಕೇಳಿದೆ. ಏಳನೆಯದು ಎಂದಿತು.

ಸಂಗತಿಯನ್ನು ಇದ್ದದ್ದು ಇದ್ದಹಾಗೆ ಹೇಳಬೇಕು. ಆ ಗಳಿಗೆಯಲ್ಲಿ ನನಗೆ ಹೆದರಿಕೆ ಆಗಲಿಲ್ಲ, ಸಮಾಧಾನವೇ ಆಯಿತು. ಲೋಕದ ಪದ್ಧತಿಯಲ್ಲಿ ದೀಪ ಇರುವುದೇ ತೆಗೆಯಬೇಕಾದ ಡಿಸ್ಕು. ನಾನು ಅಳಿಸಹೊರಟಿದ್ದನ್ನೇ ಯಂತ್ರವೂ ತೋರಿಸುತ್ತಿದೆ, ಸರಿಯಾಗಿಯೇ ಹೊರಟಿದ್ದೇನೆ ಎಂದುಕೊಂಡೆ. ಮತ್ತೆ ಎಂಟರ್ ಮೇಲೆ ಬೆರಳಿಟ್ಟೆ.

ಇಟ್ಟ ಬೆರಳು ಹಾಗೆಯೇ ನಿಂತಿತು. ದನಿ ಕೇಳಿಸಿತು ಎಂದರೆ ಸುಳ್ಳಾಗುತ್ತದೆ. ಫ್ಯಾನಿನ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ. ಆದರೆ ಹೊನ್ನಾವರದ ಆ ಮಧ್ಯಾಹ್ನ ಇಡಿಯಾಗಿ ಕಣ್ಣೆದುರು ಬಂತು. ಆ ದಿನವೂ ಒಂದು ನೀಲಿ ದೀಪ ನೋಡಿ ಸರಿಯಾಗಿಯೇ ಇದೆ ಎಂದುಕೊಂಡವನು ನಾನೇ. ಉಳಿಬೇಕಾದ್ದಕ್ಕೆ ದೀಪ.

ಬೆರಳು ತೆಗೆದು, ಏಳನೆಯ ಡಿಸ್ಕಿನೊಳಗೆ ಏನಿದೆ ಎಂದು ನೋಡಿದೆ. ಆಸ್ಪತ್ರೆಯ ಎಲ್ಲ ಚಿತ್ರಗಳೂ ಅಲ್ಲಿದ್ದವು. ಹಿಂದಿನ ದಿನ ಸಂಜೆಯ ಕೊನೆಯ ಕಡತ ಮಾದೇವಿಯ ಗಂಡನದು. ಖಾಲಿ ಡಿಸ್ಕು ಎಂಟನೆಯದಾಗಿತ್ತು, ನಂಬರು ಅದಲುಬದಲಾಗಿತ್ತು. ನಕಲು ಪ್ರತಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹೋದರೆ, ಎಂಟು ದಿನದಿಂದ ನಕಲೇ ಆಗಿರಲಿಲ್ಲ. ನೆಲದ ಮೇಲೆ ಕುಳಿತು, ಮೊಳಕಾಲು ಹಿಡಿದುಕೊಂಡು ಅತ್ತೆ. ಮಾದೇವಿಯ ಗಂಡನಿಗಾಗಿ ಎಂದು ಹೇಳಿಕೊಳ್ಳಬಹುದು. ಅದಲ್ಲ.

ಎಂಟನೆಯದನ್ನು ಔಷಧ ವಿಭಾಗಕ್ಕೆ ಕೊಟ್ಟೆ. ಏಳನೆಯದನ್ನು ಅದರ ಹಳೆಯ ಹಿಸ್ಸೆಗೇ ಜೋಡಿಸಿದೆ. ಅಷ್ಟು ಹೊತ್ತೂ ದೀಪ ಉರಿಯುತ್ತಿತ್ತು. ಐದಕ್ಕೆ ಸ್ವಲ್ಪ ಮೊದಲು ಚಿತ್ರಗಳ ಹಿಸ್ಸೆ ಚಾಲೂ ಆಯಿತು. ಒಂದೆರಡು ಚಿತ್ರ ತೆರೆದು ನೋಡಿ ತಲೆಯೆತ್ತುವಷ್ಟರಲ್ಲಿ ದೀಪ ಇರಲಿಲ್ಲ. ಆರಿದ್ದನ್ನು ನಾನು ನೋಡಲಿಲ್ಲ.

ಹೊರಗೆ ಬಂದರೆ ಮಾದೇವಿ ಮೆಟ್ಟಿಲ ಮೇಲೆ ಕುಳಿತಿದ್ದಳು. ಅವಳ ಪಾಳಿ ಎರಡು ಗಂಟೆಗೇ ಮುಗಿದಿತ್ತು.

"ಫೋಟೋ ಇತ್ತಾ ಸಾರ್?"

"ಇದೆ. ಮಂಗಳೂರಿಗೂ ಕಳಿಸ್ತಾ ಇದ್ದಾರೆ."

"ಹಾಂಗಾರೆ ಆತು" ಎಂದು ಸೆರಗು ಕೊಡವಿ ಎದ್ದಳು. ಆಮೇಲೆ ನನ್ನ ಮುಖ ನೋಡಿ, "ನಿಮ್ಗೆ ಎಂತ ಆತು? ಥಂಡಿ ಹಿಡೀತಾ?" ಎಂದು ಕೇಳಿದಳು. ಹೌದು ಎಂದೆ. ಅವಳ ಗಂಡ ಈಗ ಚೆನ್ನಾಗಿದ್ದಾನೆ. ಹೋದ ವರ್ಷ ಕುಮಟೆಯ ಪೇಟೆಯಲ್ಲಿ ಅವಳ ಪಕ್ಕ ಕುಳಿತು ಬೆಳಚು ಅಳೆದು ಕೊಡುತ್ತಿದ್ದ.

ಯಂತ್ರದಲ್ಲಿ ಪ್ರತಿಯೊಂದು ಆಜ್ಞೆಯೂ ಗಂಟೆ ನಿಮಿಷ ಸಹಿತ ದಾಖಲಾಗುತ್ತದೆ. ಮರುದಿನ ಎಲ್ಲವನ್ನೂ ಓದಿದೆ. ದೀಪ ಆರಿಸು ಎಂದು ನಾನು ಕೊಟ್ಟ ಆಜ್ಞೆ ಇತ್ತು. ಹೊತ್ತಿಸಿದ್ದು ಎಲ್ಲೂ ಇರಲಿಲ್ಲ. ಯಂತ್ರ ಮಾಡಿದ ಕಂಪನಿಯ ಎಂಜಿನಿಯರ್‌ಗೆ ಕೇಳಿದರೆ "ಎಲ್ಲೋ ಲೂಸ್ ಕನೆಕ್ಷನ್ ಇರಬೇಕು" ಎಂದ. ಇರಬಹುದು. ಇಪ್ಪತ್ತನಾಲ್ಕು ಡಿಸ್ಕುಗಳಲ್ಲಿ ಅದೊಂದೇ ಯಾಕೆ, ಆ ಎರಡು ಗಂಟೆಯಷ್ಟೇ ಯಾಕೆ ಎಂದು ಕೇಳಿದ್ದಕ್ಕೆ ಅವನು ನಕ್ಕ. ನಾನೂ ಹಿಂದೆ ಹಾಗೆಯೇ ನಗುತ್ತಿದ್ದೆ. ಆಮೇಲೆ ಈವರೆಗೆ ಆ ದೀಪ ತಾನಾಗಿ ಹೊತ್ತಿಲ್ಲ.

ಆ ದಿನ ಅಲ್ಲಿ ಯಾರೋ ಇದ್ದರು ಎಂದು ನಾನು ಹೇಳುವುದಿಲ್ಲ. ಹೇಳುವಷ್ಟು ಧೈರ್ಯವೂ ಇಲ್ಲ. ಸತ್ತವರು ಬರುತ್ತಾರೆ ಎಂದು ಒಂದು ಪಕ್ಷ ಒಪ್ಪಿಕೊಂಡರೂ ನನ್ನ ಗಂಟು ಬಿಚ್ಚಿಕೊಳ್ಳುವುದಿಲ್ಲ. ಬಂದರೆ ನನಗೆ ಬುದ್ಧಿ ಕಲಿಸಲು ಬರಬೇಕಿತ್ತು. ನಾನು ಎಂಟರ್ ಒತ್ತುವುದನ್ನು ಸುಮ್ಮನೆ ನೋಡುತ್ತ ನಿಂತಿದ್ದರೂ ಸಾಕಿತ್ತು, ಅವರಿಗೆ ಆದದ್ದೇ ನನಗೂ ಆಗುತ್ತಿತ್ತು. ನನ್ನನ್ನು ಉಳಿಸಲು ಯಾಕೆ ಬರಬೇಕು?

ಹೊನ್ನಾವರದ ಆ ಚೀಟಿ ಈಗಲೂ ನನ್ನ ಪಾಕೀಟಿನಲ್ಲಿದೆ. ಗುಂಡುಸೂಜಿಯ ಎರಡು ತೂತುಗಳ ಸುತ್ತ ತುಕ್ಕಿನ ಕಲೆಯಾಗಿದೆ. ಅದನ್ನು ವಿಠ್ಠಲಣ್ಣನ ಹೆಂಡತಿಗೆ ಕೊಟ್ಟು, ತಪ್ಪು ಅವರದಲ್ಲ ಎಂದು ಹೇಳಿ ಬರಬೇಕು ಎಂದು ಆ ಸಂಜೆಯೇ ತೀರ್ಮಾನಿಸಿದ್ದೆ. ಭಟ್ಕಳದ ಬಸ್ಸು ಶಿರಾಲಿಯಲ್ಲಿ ನಿಲ್ಲುತ್ತದೆ. ಕಂಡಕ್ಟರ್ ಊರಿನ ಹೆಸರು ಕೂಗುತ್ತಾನೆ. ನಾನು ಚೀಲ ಹೆಗಲಿಗೆ ಹಾಕಿಕೊಂಡು, ಎದುರಿನ ಸೀಟಿನ ಕಂಬಿ ಹಿಡಿದು ಅರ್ಧ ಏಳುತ್ತೇನೆ. ಆರು ವರ್ಷವಾಯಿತು, ಇನ್ನೂ ಇಳಿದಿಲ್ಲ.